ಗಾಜು ಒಡೆದ ಮೇಲೆ ಬಂದ ತಪಾಸಣೆ

ನಮ್ಮ ಕಾನಹೊಸಹಳ್ಳಿ ಕಡೆಯ ಹುಡುಗರು ಐಟಿಐ, ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಬಸ್ಸು ಹತ್ತಿದರೆ ಊರಲ್ಲಿ ಕೇಳೋದು ಒಂದೇ: 'ಸಂಬಳ ಎಷ್ಟು?' ಹೇಳಿದಷ್ಟು ಕೈಗೆ ಬಂತಾ ಅಂತ ಕೇಳೋರು ಕಡಿಮೆ. ಅದಕ್ಕೇ ನರಸಾಪುರದ ಕಥೆ ನನ್ನನ್ನು ಬಿಟ್ಟಿಲ್ಲ.

2020ರ ಡಿಸೆಂಬರ್ 12. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಆಪಲ್‌ಗೆ ಐಫೋನ್ ಜೋಡಿಸಿಕೊಡುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆ. ರಾತ್ರಿ ಪಾಳಿ ಮುಗಿಸಿದವರ ಸಿಟ್ಟು ಸಿಡಿಯಿತು. ಟಿವಿಯಲ್ಲಿ ನಾವು ಕಂಡಿದ್ದು ಒಡೆದ ಗಾಜು, ಮಗುಚಿದ ವಾಹನ.

ಆಮೇಲೆ ಕಾರ್ಖಾನೆಗಳ ಇಲಾಖೆಯ ಅಧಿಕಾರಿಗಳು ಒಳಗೆ ಹೋದರು. ಅವರಿಗೆ ಕಂಡಿದ್ದೇ ಬೇರೆ. ಕೆಲವೇ ತಿಂಗಳಲ್ಲಿ ಕೆಲಸಗಾರರು 5,000ದಿಂದ 10,500 ಆಗಿದ್ದರು. ಅಷ್ಟು ಜನರನ್ನು ನೋಡಿಕೊಳ್ಳುವ ಎಚ್‌ಆರ್ ವಿಭಾಗ ಇರಲಿಲ್ಲ. ಹಾಜರಿ ಯಂತ್ರ ಕೆಟ್ಟು ಎರಡು ತಿಂಗಳಾದರೂ ಸರಿಮಾಡಿರಲಿಲ್ಲ. ಗಂಟೆಯ ಲೆಕ್ಕ ತಪ್ಪಿದರೆ ಸಂಬಳದ ಲೆಕ್ಕವೂ ತಪ್ಪುತ್ತದೆ, ಅಷ್ಟೇ.

ಕೆಲವರಿಗೆ ಸರಿಯಾಗಿ ಸಂಬಳ ಕೊಟ್ಟಿಲ್ಲ ಅಂತ ವಿಸ್ಟ್ರಾನ್ ಒಪ್ಪಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಎಲ್ಲ ಸರಿಹೋಗುವ ತನಕ ಹೊಸ ಆರ್ಡರ್ ಇಲ್ಲ ಎಂದಿತು ಆಪಲ್. 2023ರಲ್ಲಿ ಕಾರ್ಖಾನೆ ಟಾಟಾ ಪಾಲಾಯಿತು.

ಕಲ್ಲು ತೂರಿದ್ದು ಸರಿ ಅಂತ ನಾನು ಹೇಳಲ್ಲ. ಆದರೆ ಆಪಲ್‌ನ ನೀತಿಸಂಹಿತೆ, ನಮ್ಮ ಕಾರ್ಖಾನೆ ಕಾಯ್ದೆ ಎರಡೂ ಆ ಗಲಾಟೆಗೆ ಮುಂಚೆಯೇ ಇದ್ದವು. ಹಾಜರಿ ಯಂತ್ರ ಕೆಟ್ಟ ವಾರವೇ ಯಾರಾದರೂ ಒಳಗೆ ಹೋಗಿ ನೋಡಿದ್ದರೆ?