‘ಕಾರಣ’ ಎಂಬ ಕಲಂ

ಕಳೆದ ವರ್ಷ ಬಿ.ಎ. ಕೊನೆಯ ವರ್ಷದ ಆರು ವಿದ್ಯಾರ್ಥಿಗಳಿಂದ ಕಿರುಸಂಶೋಧನೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಶೆ ಮತ್ತು ಮನಸ್ಸು ಎಂಬ ವಿಷಯವನ್ನು ಅವರೇ ಆರಿಸಿಕೊಂಡಿದ್ದರು. ಪ್ರಶ್ನಾವಳಿ ಹಿಡಿದು ಹಾಸ್ಟೆಲಿಗೆ ಹೋಗಿ, ಯಾರು ಏನು ಕುಡಿಯುತ್ತಾರೆ, ಸೇದುತ್ತಾರೆ ಎಂದು ಕೇಳಿಬರುವುದು ಅವರ ಯೋಜನೆ. ನಾನು ಬೇಡವೆಂದೆ. ಅಂಥ ಪ್ರಶ್ನೆಗೆ ನಿಜ ಹೇಳಿದವರನ್ನು ಕಾಪಾಡುವ ಯಾವ ವ್ಯವಸ್ಥೆಯೂ ನಮ್ಮಲ್ಲಿರಲಿಲ್ಲ. ಬದುಕಿರುವವರನ್ನು ಬಿಟ್ಟು ಸತ್ತವರ ಕಾಗದ ಓದೋಣ ಎಂದಾಗ ಎಲ್ಲರ ಮುಖ ಬಾಡಿತು.

ನಾವು ಓದಿದ್ದು 1893-94ರ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ನಿನ ವರದಿ. ಏಳು ಸಂಪುಟ, ಮೂರು ಸಾವಿರಕ್ಕೂ ಹೆಚ್ಚು ಪುಟ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅದನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ; ಮೊಬೈಲಿನಲ್ಲೂ ಓದಬಹುದು. ಮದ್ಯಪಾನ ವಿರೋಧಿ ಸಂಸದ ಡಬ್ಲ್ಯು.ಎಸ್. ಕೇನ್ 1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಬಂಗಾಳದ ಗಾಂಜಾ ಕುರಿತು ಪ್ರಶ್ನೆ ಎತ್ತಿದ್ದರ ಫಲವಾಗಿ ಈ ಆಯೋಗ ಹುಟ್ಟಿತು. ಅಧ್ಯಕ್ಷ ಮ್ಯಾಕ್‌ವರ್ತ್ ಯಂಗ್; ಏಳು ಸದಸ್ಯರಲ್ಲಿ ಮೂವರು ಭಾರತೀಯರು. ಸಾಕ್ಷಿ ನುಡಿದವರು ಸಾವಿರಕ್ಕೂ ಹೆಚ್ಚು ಮಂದಿ.

ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ ಎಂಬುದು ಆಗ ಎಲ್ಲರ ನಂಬಿಕೆ. ಅದಕ್ಕೆ ಪುರಾವೆಯಾಗಿ ಹುಚ್ಚಾಸ್ಪತ್ರೆಗಳ ಅಂಕಿಅಂಶವೂ ಇತ್ತು. (ಈ ಪದ ನನಗೂ ಹಿಡಿಸದು. ಆದರೆ ಆ ಕಾಲದ ಕಟ್ಟಡಗಳನ್ನು ‘ಮಾನಸಿಕ ಆರೋಗ್ಯ ಕೇಂದ್ರ’ ಎಂದು ಕರೆದರೆ ಅದು ಸುಳ್ಳಾಗುತ್ತದೆ.) 1892ರಲ್ಲಿ ಬ್ರಿಟಿಷ್ ಇಂಡಿಯಾದ ಆಸ್ಪತ್ರೆಗಳಿಗೆ ಸೇರಿದ 1,344 ಮಂದಿಯಲ್ಲಿ 222 ಮಂದಿಯ ಹೆಸರಿನ ಮುಂದೆ ಗಾಂಜಾ, ಭಂಗಿ, ಚರಸ್ ಕಾರಣವೆಂದು ಬರೆದಿತ್ತು. ಆಯೋಗ ಆ 222 ಪ್ರಕರಣಗಳನ್ನೂ ಒಂದೊಂದಾಗಿ ಬಿಚ್ಚಿತು; ರೋಗಿಯ ಊರಿನಲ್ಲಿ, ಬಂಧುಗಳಲ್ಲಿ ವಿಚಾರಿಸಲು ಅಧಿಕಾರಿಗಳಿಗೆ ಹೇಳಿತು. ಕೊನೆಗೆ ಉಳಿದದ್ದು 98. ಅದರಲ್ಲೂ ಗಾಂಜಾ ಒಂದೇ ಕಾರಣವೆನ್ನಬಹುದಾದವು 61.

ಉಳಿದವು ಎಲ್ಲಿಂದ ಬಂದವು? ನನ್ನ ವಿದ್ಯಾರ್ಥಿಗಳು ಎಚ್ಚೆತ್ತದ್ದು ಇಲ್ಲಿ. 1858ರ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಅಲೆಯುವ ಮನೋರೋಗಿಯನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಜೊತೆಗೊಂದು ವಿವರಪಟ್ಟಿ; ಅದರಲ್ಲಿ ‘ಕಾರಣ’ ಎಂಬ ಕಲಂ. ಅಪರಿಚಿತನ ಮನೆತನದಲ್ಲಿ ಕಾಯಿಲೆ ಇತ್ತೇ, ಮಗು ಸತ್ತಿತ್ತೇ, ಮೂರ್ಛೆರೋಗವಿತ್ತೇ ಎಂದು ಪೊಲೀಸನಿಗೆ ತಿಳಿಯುವುದಾದರೂ ಹೇಗೆ? ಚಿಲುಮೆ ಮಾತ್ರ ಕಣ್ಣಿಗೆ ಕಾಣುತ್ತದೆ. ಅವನು ‘ಗಾಂಜಾ’ ಎಂದು ಬರೆದ. ವೈದ್ಯರು ಅದನ್ನೇ ರಿಜಿಸ್ಟರಿಗೆ ಇಳಿಸಿದರು. ರಿಜಿಸ್ಟರು ವಾರ್ಷಿಕ ವರದಿಯಾಯಿತು, ವರದಿ ಲಂಡನ್ನಿಗೆ ಹೋಗಿ ವಿಜ್ಞಾನವಾಯಿತು. ಆಯೋಗದ ಮುಂದೆ ಪಾಟೀಸವಾಲು ನಡೆದಾಗ, ತಾವು ಪೊಲೀಸರ ಕಾಗದವನ್ನೇ ನಂಬಿದ್ದೆವೆಂದು ವೈದ್ಯರು ಒಪ್ಪಬೇಕಾಯಿತು. ಇತಿಹಾಸಕಾರ ಜೇಮ್ಸ್ ಮಿಲ್ಸ್ ಈ ಕಥೆಯನ್ನು ತಮ್ಮ ಪುಸ್ತಕಗಳಲ್ಲಿ ವಿವರವಾಗಿ ಬರೆದಿದ್ದಾರೆ. ಆದರೆ ಮೂಲವನ್ನೇ ಓದುತ್ತಾ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ತಾನಾಗಿ ಅಲ್ಲಿಗೆ ತಲುಪುವುದನ್ನು ಪಕ್ಕದಲ್ಲಿ ಕೂತು ನೋಡುವ ಖುಷಿಯೇ ಬೇರೆ.

ಆಯೋಗವನ್ನು ತೀರಾ ಹೊಗಳಬೇಕಿಲ್ಲ. ಮಿತವಾದ ಬಳಕೆಯಿಂದ ಮನಸ್ಸಿಗೆ ಹಾನಿಯಿಲ್ಲ, ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ಲೈಸೆನ್ಸಿನಿಂದ ಹದ್ದಿನಲ್ಲಿಡಿ ಎಂಬ ಅದರ ತೀರ್ಮಾನ ಅಬಕಾರಿ ಖಜಾನೆಗೆ ಹಿತವಾಗಿಯೇ ಇತ್ತು. ನಮ್ಮ ಧಾರವಾಡದಲ್ಲೂ ಆಗ ಮುಂಬೈ ಪ್ರಾಂತ್ಯದ ಇಂಥದ್ದೊಂದು ಆಸ್ಪತ್ರೆಯಿತ್ತು. ಇಂದಿನ ಡಿಮ್ಹಾನ್ಸ್‌ ಮುಂದೆ ಬಸ್ಸಿನಲ್ಲಿ ಹಾದುಹೋಗುವಾಗಲೆಲ್ಲ ನನಗೆ ಆ ಕಲಂ ನೆನಪಾಗುತ್ತದೆ.

ವೈದ್ಯಕೀಯ ಪದವಿ ವಿದ್ಯಾರ್ಥಿಗಳಿಗೆ ಐಸಿಎಂಆರ್‌ನ ಅಲ್ಪಾವಧಿ ಸಂಶೋಧನಾ ವೇತನ 1979ರಿಂದಲೂ ಇದೆ. ಬಿ.ಎ. ಓದುವವರಿಗೆ ನಾಲ್ಕನೇ ವರ್ಷದಲ್ಲಾದರೂ ಸಂಶೋಧನೆಗೆ ಜಾಗ ಸಿಕ್ಕೀತೆಂಬ ಆಸೆಯಿತ್ತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೇ ಮರಳಿತು. ಆ ಪದ್ಧತಿಯಲ್ಲಿ ಗೊಂದಲ ಸಾಕಷ್ಟಿತ್ತು, ನಿಜ. ಆದರೂ ವ್ಯಸನದ ಅಧ್ಯಯನ ವೈದ್ಯರ ಸ್ವತ್ತು ಮಾತ್ರವೇ? ಪೊಲೀಸನ ಕೈಬರಹವನ್ನು ಅನುಮಾನಿಸಲು ಸ್ಟೆತಾಸ್ಕೋಪು ಬೇಕಾಗಿಲ್ಲ.

ಕೊನೆಯ ವಾರ ಆ ಹುಡುಗಿ ಒಬ್ಬಳೇ ಬಂದಳು. ಕೈಯಲ್ಲಿ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ನಾಲ್ಕು ಮಡಿಕೆ. “ನಮ್ಮಪ್ಪಂದ್ರೀ ಮೇಡಂ. ಇದರಾಗೂ ಬರೇ ಕುಡಿತ ಅಂತ ಬರದಾರ. ನಮ್ಮಣ್ಣ ತೀರಿಕೊಂಡ ಮ್ಯಾಲ ಕುಡ್ಯಾಕ ಹತ್ಯಾನ್ರೀ ಅಂವ. ಅದಕ್ಕಿಂತ ಮೊದಲ ಆರು ತಿಂಗಳು ಮಾತೇ ಆಡಿರಲಿಲ್ಲ. ಇದನ್ನ ಪ್ರಾಜೆಕ್ಟಿನಾಗ ಬರೀಲೇನ್ರೀ?”

ಬೇಡವೆಂದೆ. ಅಪ್ಪನ ಒಪ್ಪಿಗೆ ಕೇಳಿಲ್ಲ, ಊರಿನವರು ಗುರುತು ಹಿಡಿಯುತ್ತಾರೆ ಎಂದೆಲ್ಲ ಹೇಳಿದೆ. ಅವಳು ಚೀಟಿಯನ್ನು ಹಾಗೇ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು. ಅವಳ ವರದಿಯ 23 ಪುಟಗಳಲ್ಲಿ ಅಪ್ಪ ಎಲ್ಲೂ ಇಲ್ಲ. ಒಂದು ಅಡ್ಡಪಟ್ಟಿಯಲ್ಲಿ ಮಾತ್ರ, 1892ರ ಕಾರಣಗಳ ಪಕ್ಕದಲ್ಲಿ, ಅವಳೇ ಗೆರೆ ಎಳೆದು ಹೊಸ ಕಲಂ ಸೇರಿಸಿದ್ದಾಳೆ: ‘ಅದಕ್ಕೂ ಮೊದಲು ಏನಾಗಿತ್ತು?’ ಅದರ ಬಹುತೇಕ ಮನೆಗಳು ಖಾಲಿ ಇವೆ.