ಎಕ್ಸ್‌ಚೇಂಜಿನಿಂದ ಎಷ್ಟು ದೂರ?

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಸುದ್ದಿಗಾಗಿ ಅಡ್ಡಾಡುವಾಗ ಪಂಚಾಯ್ತಿ ಬಾಗಿಲಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತು: ‘ನೆಟ್ ಇಲ್ರೀ, ನಾಳೆ ಬರ್ರಿ.’ ಕೂಲಿ ಬಿಟ್ಟು ಬಂದವರಿಗೆ ಅದು ಒಂದು ದಿನದ ದುಡಿಮೆ. ಈ ಮಾತಿನ ಹಿಂದೆ ಒಂದು ಚರಿತ್ರೆಯಿದೆ. ಅದು ಯಂತ್ರವನ್ನು ಎಲ್ಲಿ ಇಟ್ಟರು ಎಂಬುದರ ಚರಿತ್ರೆ.

ಆಗ ನಮ್ಮ ತಾಲ್ಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಪಕ್ಕದ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ 1986ರ ಜುಲೈನಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಶುರುವಾಯಿತು. 128 ಲೈನುಗಳ ಪುಟ್ಟ ಪೆಟ್ಟಿಗೆ. ಬಿಸಿಲು, ಧೂಳು ತಡೆಯುತ್ತಿತ್ತು, ಎ.ಸಿ. ಬೇಕಿರಲಿಲ್ಲ. ಇಂಥ ಎಕ್ಸ್‌ಚೇಂಜುಗಳು ಮುಂದೆ ದೇಶದ ಹಳ್ಳಿಹಳ್ಳಿಗೂ ಹೋದವು. ಅವನ್ನು ಕಟ್ಟಿದ್ದು ಮಾತಿಗಾಗಿ, ಇಂಟರ್‌ನೆಟ್ಟಿಗಲ್ಲ.

2005ರ ಜನವರಿಯಲ್ಲಿ ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ ತಂದಾಗ ಬಳಸಿದ್ದು ಅದೇ ತಾಮ್ರದ ತಂತಿ. ಡಿಸ್‌ಲ್ಯಾಮ್ ಎಂಬ ಯಂತ್ರವನ್ನು ಎಕ್ಸ್‌ಚೇಂಜಿನೊಳಗೆ ಇಡಬೇಕು. ಅಲ್ಲಿಂದ ತಂತಿ ಉದ್ದವಾದಷ್ಟೂ ವೇಗ ಇಳಿಯುತ್ತದೆ. ನಾಲ್ಕೈದು ಕಿ.ಮೀ. ದಾಟಿದರೆ ಫೋನಿನಲ್ಲಿ ಮಾತು ಕೇಳಿಸೀತು, ನೆಟ್ ಬರದು. ಹಾನಗಲ್ಲಿನಲ್ಲಿಟ್ಟ ಯಂತ್ರ ಅಕ್ಕಿಆಲೂರಿಗೆ ಉಪಯೋಗಕ್ಕಿಲ್ಲ, ಅಲ್ಲಿನ ಎಕ್ಸ್‌ಚೇಂಜಿಗೆ ಬೇರೊಂದು ಬೇಕು.

ಅದನ್ನು ಬೇರೆ ಕಂಪನಿ ತಂದಿಡಬಹುದಿತ್ತಲ್ಲ? ಬ್ರಿಟನ್ನಿನಲ್ಲಿ ಹಾಗೇ ಆಯಿತು, ಬಿ.ಟಿ. ಎಕ್ಸ್‌ಚೇಂಜುಗಳಲ್ಲಿ ಎದುರಾಳಿ ಕಂಪನಿಗಳೂ ಯಂತ್ರ ಇಟ್ಟವು. 2004ರಲ್ಲಿ ಟ್ರಾಯ್ ಕೂಡ ತಾಮ್ರದ ತಂತಿಯನ್ನು ಇತರರಿಗೆ ತೆರೆಯಲು ಶಿಫಾರಸು ಮಾಡಿತ್ತು. ಅದೇ ವರ್ಷದ ಅಕ್ಟೋಬರಿನ ಬ್ರಾಡ್‌ಬ್ಯಾಂಡ್ ನೀತಿ ಅದನ್ನು ಕಡ್ಡಾಯ ಮಾಡದೆ ಪರಸ್ಪರ ಒಪ್ಪಂದಕ್ಕೆ ಬಿಟ್ಟಿತು. ಹಳ್ಳಿಯ ಎಕ್ಸ್‌ಚೇಂಜಿನ ಬಾಗಿಲು ಎದುರಾಳಿಗಳಿಗೆ ತೆರೆಯಲಿಲ್ಲ.

2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಆಪ್ಟಿಕಲ್ ಫೈಬರ್ ಯೋಜನೆ, ಮುಂದೆ ಭಾರತ್‌ನೆಟ್ ಆಯಿತು. ಮುಖ್ಯ ಯಂತ್ರ ತಾಲ್ಲೂಕಿನ ಎಕ್ಸ್‌ಚೇಂಜಿನಲ್ಲಿ, ಕೊನೆಯ ಪೆಟ್ಟಿಗೆ ಪಂಚಾಯ್ತಿ ಕಚೇರಿಯಲ್ಲಿ. ಮೊದಲ ಹಂತಕ್ಕೆ ತಂತ್ರಜ್ಞಾನ ಕೊಟ್ಟದ್ದು ಅದೇ ಸಿ-ಡಾಟ್. ಬೆಳಕಿನ ಎಳೆ 20 ಕಿ.ಮೀ.ವರೆಗೂ ತಲುಪುವುದರಿಂದ ದೂರದ ತೊಡಕು ಬಹುಪಾಲು ನೀಗಿತು.

ಆದರೆ ಇನ್ನೊಂದು ತೊಡಕು ಪಂಚಾಯ್ತಿಗೇ ಬಂದು ಕೂತಿತು. ಹಳೆಯ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ತಂತಿಯಲ್ಲೇ ಕರೆಂಟು ಬರುತ್ತಿತ್ತು. ಊರಿಗೆ ಕತ್ತಲಾದರೂ ಫೋನ್ ರಿಂಗಾಗುತ್ತಿತ್ತು. ಫೈಬರಿನಲ್ಲಿ ಬೆಳಕಷ್ಟೇ ಬರುತ್ತದೆ, ಕರೆಂಟಲ್ಲ. ಪಂಚಾಯ್ತಿಯ ಬ್ಯಾಟರಿ ಸತ್ತರೆ ನೆಟ್ಟೂ ಸತ್ತಂತೆ. ಮೇಲಾಗಿ ಒಂದೇ ಎಳೆಯ ಫೈಬರನ್ನು ರಸ್ತೆ ಅಗೆಯುವ ಜೆಸಿಬಿ ಕತ್ತರಿಸಿದರೆ ಆಚೆಯ ಊರೆಲ್ಲ ಬಂದ್. 2023ರ ತಿದ್ದುಪಡಿ ಯೋಜನೆ ಎರಡು ದಿಕ್ಕಿನಿಂದಲೂ ತಲುಪುವ ಉಂಗುರದಂಥ ಜಾಲ ಹಾಕುವುದಾಗಿ ಹೇಳಿರುವುದು ಅದಕ್ಕೇ.

ಮುಂದಿನ ಗ್ರಾಮಸಭೆಯಲ್ಲಿ ‘ನೆಟ್ ಯಾವಾಗ ಬರ್ತೈತಿ?’ ಎಂದಷ್ಟೇ ಕೇಳುವುದು ಬೇಡ. ಪೆಟ್ಟಿಗೆ ಎಲ್ಲಿದೆ, ಬ್ಯಾಟರಿ ಜೀವಂತವಿದೆಯೇ, ಎಳೆ ತುಂಡಾದರೆ ಜೋಡಿಸಲು ಬರುವವರು ಯಾರು? ಈ ಮೂರನ್ನು ಕೇಳಿ ನಡಾವಳಿಯಲ್ಲಿ ಬರೆಸೋಣ.