ನಿಮ್ಮದು ಯಾವ ಲೈನ್?

ನಾನು ಮುಂಬೈಗೆ ಬಂದಿಳಿದದ್ದು 1974ರ ಜೂನ್ ತಿಂಗಳಲ್ಲಿ. ಧಾರವಾಡದಿಂದ ಮೀಟರ್ ಗೇಜ್ ಗಾಡಿಯಲ್ಲಿ ಮೀರಜ. ಅಲ್ಲಿ ಟ್ರಂಕು, ಹಾಸಿಗೆ ಸುರುಳಿ, ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು ಎಲ್ಲ ಹೊತ್ತುಕೊಂಡು ಬ್ರಾಡ್ ಗೇಜ್ ಗಾಡಿಗೆ ಬದಲಾಯಿಸಿ ದಾದರ್. ನೌಕರಿ ಸೇರಿದ ಮೊದಲ ದಿನವೇ ಪಕ್ಕದ ಮೇಜಿನವರು ಕೇಳಿದರು, "ಆಪ್ ಕೌನ್ಸಾ ಲೈನ್?"

ನಾನು ಧಾರವಾಡದ ಹುಡುಗ. ನಮ್ಮಲ್ಲಿ "ಯಾವ ಲೈನಿನ್ಯಾಗ ಇದ್ದೀಪಾ?" ಅಂದರೆ ಏನು ಉದ್ಯೋಗ ಅಂತ. "ಅಕೌಂಟ್ಸ್" ಅಂದೆ ಗಂಭೀರವಾಗಿ. ಅವರು ಒಂದು ಕ್ಷಣ ನನ್ನ ಮುಖ ನೋಡಿ ಜೋರಾಗಿ ನಕ್ಕುಬಿಟ್ಟರು. ಅವರಿಗೆ ಬೇಕಾಗಿದ್ದದ್ದು ವೆಸ್ಟರ್ನ್ ಲೈನೋ, ಸೆಂಟ್ರಲ್ ಲೈನೋ, ಹಾರ್ಬರ್ ಲೈನೋ ಅನ್ನುವುದಷ್ಟೆ. ಮುಂಬೈಯಲ್ಲಿ ಮನುಷ್ಯನ ಗೋತ್ರ ಗೊತ್ತಾಗುವುದು ಹಾಗೆ!

ಅವತ್ತಿನಿಂದ ಈ ಎರಡಕ್ಷರದ ಇಂಗ್ಲಿಷ್ ಪದ ನನ್ನ ಬೆನ್ನು ಬಿಟ್ಟಿಲ್ಲ. ಒಮ್ಮೆ ಎಣಿಸಿ ನೋಡಿ. ಕರೆಂಟ್ ಹೋದರೆ ಲೈನ್‌ಮನ್ ದಾರಿ ಕಾಯುತ್ತೇವೆ. ರೇಷನ್ ಅಂಗಡಿ ಮುಂದೆ ಲೈನ್ ಹಚ್ಚುತ್ತೇವೆ. ಮದುವೆಗೆ ಹಿರಿಯರು ಒಪ್ಪಿದರೆ "ಲೈನ್ ಕ್ಲಿಯರ್" ಅನ್ನುತ್ತೇವೆ. ಅದು ಮೂಲದಲ್ಲಿ ಸ್ಟೇಷನ್ ಮಾಸ್ತರರ ಮಾತು. ಮುಂದಿನ ಸ್ಟೇಷನ್ನಿನವರೆಗೆ ಹಳಿ ಖಾಲಿ ಇದೆ, ಗಾಡಿ ಬಿಡಬಹುದು ಎಂಬ ಅನುಮತಿ. ಕಾಲೇಜು ಹುಡುಗರು ಲೈನ್ ಹೊಡೆಯುತ್ತಾರೆ. ಮಗ ದಾರಿ ತಪ್ಪಿದರೆ "ಲೈನಿಗೆ ಬಾ" ಅಂತ ಅಪ್ಪ ಗದರುತ್ತಾನೆ. ಕುಂಬ್ಳೆ ಬೌಲಿಂಗ್ ಬಗ್ಗೆ ಮಾತು ಬಂದರೆ ಲೈನ್ ಮತ್ತು ಲೆಂಗ್ತ್. ಇಷ್ಟೆಲ್ಲ ಕೆಲಸಕ್ಕೆ ಕನ್ನಡದಲ್ಲಿ ಬೇರೆ ಬೇರೆ ಆಳುಗಳಿದ್ದಾರೆ: ಗೆರೆ, ಸಾಲು, ಹಳಿ, ತಂತಿ, ಸರದಿ, ಪಂಕ್ತಿ, ಕಸುಬು, ಗಡಿ. ಇಂಗ್ಲಿಷಿನವರು ಒಬ್ಬನೇ ಆಳಿನ ಕೈಲಿ ಎಲ್ಲವನ್ನೂ ಮಾಡಿಸುತ್ತಾರೆ.

ಅವನ ಹುಟ್ಟೂರು ಯಾವುದು? ಕೇಳಿದರೆ ನೀವು ನಗುತ್ತೀರಿ. ಅಗಸೆ ಹೊಲ!

ಹೌದು, ನಮ್ಮ ಅಗಸಿ ಹಿಂಡಿಯ ಅಗಸೆಯೇ. ಜೋಳದ ರೊಟ್ಟಿ ಜೊತೆ ಎಣ್ಣೆ ಹಾಕಿ ಕಲಸಿಕೊಂಡು ತಿನ್ನುತ್ತೇವಲ್ಲ, ಅದೇ. ನಾವು ಅದರ ಬೀಜ ತಿಂದೆವು. ಈಜಿಪ್ಟಿನವರು, ರೋಮನ್ನರು ಅದರ ಕಾಂಡದ ನಾರು ತೆಗೆದು ನೂಲು ಮಾಡಿ ಬಟ್ಟೆ ನೇಯ್ದರು. ಲ್ಯಾಟಿನ್ ಭಾಷೆಯಲ್ಲಿ ಈ ಗಿಡ ಲಿನಮ್. ಅದರ ನಾರಿನ ದಾರ ಲಿನಿಯಾ. ಆ ಲಿನಿಯಾನೇ ಇಂಗ್ಲಿಷಿನ ಲೈನ್. ಬಟ್ಟೆ ಲಿನನ್ ಆಯಿತು. ಕೋಟಿನ ಒಳಗೆ ಆ ಬಟ್ಟೆ ಕೊಟ್ಟು ಹೊಲಿದದ್ದು ಲೈನಿಂಗ್ ಆಯಿತು. ಬೀಜ ಲಿನ್‌ಸೀಡ್, ಅದರ ಎಣ್ಣೆಯಿಂದ ಮಾಡಿದ ನೆಲಹಾಸು ಲಿನೋಲಿಯಮ್. ಫ್ರೆಂಚರ ಬಾಯಲ್ಲಿ ಹಾದು ಬಂದು ಹೆಂಗಸರ ಒಳಉಡುಪಿನ ಲಾಂಜರಿ ಕೂಡ ಇದೇ ಬಳ್ಳಿಯ ಕಾಯಿ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಗಿಡಗಳಿಗೆಲ್ಲ ಹೆಸರಿಡುತ್ತಾ ಅಗಸೆಗೆ ಲಿನಮ್ ಯೂಸಿಟಾಟಿಸಿಮಮ್ ಎಂದು ಕರೆದ. ಎರಡನೆಯ ಪದದ ಅರ್ಥ "ಅತಿ ಹೆಚ್ಚು ಬಳಕೆಯದು". ಗಿಡಕ್ಕೆ ಕೊಟ್ಟ ಬಿರುದು ಪದಕ್ಕೂ ಸರಿಯಾಗಿ ಒಪ್ಪುತ್ತದೆ, ಏನಂತೀರಿ?

ದಾರದಿಂದ ಗೆರೆಗೆ ಬರಲು ಹೆಚ್ಚು ದೂರವಿಲ್ಲ. ಗೋಡೆ ಕಟ್ಟುವ ಗೌಂಡಿ ಇವತ್ತಿಗೂ ಎರಡು ಗೂಟದ ನಡುವೆ ದಾರ ಬಿಗಿದೇ ಕಲ್ಲು ಜೋಡಿಸುತ್ತಾನೆ. ಬಿಗಿದ ದಾರ ನೇರವಾಗಿರುತ್ತದೆ, ನೇರವಾದದ್ದೆಲ್ಲ ಲೈನ್ ಆಯಿತು. ಆಮೇಲೆ ಸಾಲಾಗಿ ನಿಂತದ್ದು, ಸಾಲಾಗಿ ಬರೆದದ್ದು, ತಲೆಮಾರಿನಿಂದ ತಲೆಮಾರಿಗೆ ಸಾಲಾಗಿ ಬಂದ ವಂಶ ಕೂಡ. ನಮ್ಮಲ್ಲೂ ಸೂತ್ರ ಅಂದರೆ ಮೊದಲು ದಾರವೇ. ಆಮೇಲೆ ಪಾಣಿನಿಯ ಸೂತ್ರ, ಗಣಿತದ ಸೂತ್ರ, ಮಂಗಳಸೂತ್ರ. ಮನುಷ್ಯರು ಎಲ್ಲಿದ್ದರೂ ದಾರ ಹಿಡಿದೇ ಯೋಚನೆ ಮಾಡಿದ್ದಾರೆ ಅನ್ನಿಸುತ್ತದೆ.

ಇನ್ನು ಈ ದಾರ ನಮ್ಮ ದೇಶಕ್ಕೆ ಬಂದ ಕಥೆ. ಹಳಿಗಿಂತ ಮುಂಚೆಯೇ ಅದು ಬಂದದ್ದು ಸೈನ್ಯದ ಜೊತೆ. ಕುಂಪಣಿ ಸರಕಾರದ ದಂಡು ಎಲ್ಲಿ ಬೀಡುಬಿಟ್ಟರೂ ಸಿಪಾಯಿಗಳ ಗುಡಿಸಲುಗಳು ಸಾಲಾಗಿ ಏಳುತ್ತಿದ್ದವು. ಆ ಸಾಲುಗಳಿಗೆ ಲೈನ್ಸ್ ಎಂದು ಹೆಸರು. ಸಿಪಾಯಿ ಲೈನ್ಸ್, ಪೊಲೀಸ್ ಲೈನ್ಸ್, ಸಾಹೇಬರ ಬಂಗಲೆಗಳಿದ್ದಲ್ಲಿ ಸಿವಿಲ್ ಲೈನ್ಸ್. ದೆಹಲಿ, ಕಾನ್ಪುರ, ನಾಗಪುರದಲ್ಲಿರುವ ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ಮುಂಬೈಯವರೂ ದಿನಾ ಲೋಕಲ್‌ನಲ್ಲಿ ಮರೀನ್ ಲೈನ್ಸ್ ದಾಟುತ್ತೇವೆ. ಪಕ್ಕದಲ್ಲೇ ಸಮುದ್ರ ಇದೆ, ಮರೀನ್ ಡ್ರೈವ್ ಇದೆ, ಹಾಗಾಗಿ ಆ ಹೆಸರು ಅಂತ ನಾನು ಎಷ್ಟೋ ವರ್ಷ ತಿಳಿದಿದ್ದೆ. ಅಲ್ಲ. ಅಲ್ಲಿದ್ದದ್ದು ಮರೀನ್ ಬೆಟಾಲಿಯನ್ ಎಂಬ ಪಡೆಯ ಸಾಲು ವಸತಿ. ಪಡೆ ಹೋಯಿತು, ಸಾಲು ಹೋಯಿತು, ಹೆಸರು ಉಳಿಯಿತು.

ನಮ್ಮ ಕಾಫಿ ತೋಟಗಳಲ್ಲಿ ಇದೇ ಪದ ಇನ್ನೂ ಬಡವಾಗಿ ಉಳಿದಿದೆ. ಕೊಡಗು, ಚಿಕ್ಕಮಗಳೂರಿನ ಕಡೆಯವರಿಗೆ "ಲೈನ್ ಮನೆ" ಅಂದರೆ ವಿವರಿಸಬೇಕಿಲ್ಲ. ಒಂದೇ ಮಾಡು, ಒಂದಕ್ಕೊಂದು ಅಂಟಿದ ಕೋಣೆಗಳು, ಒಂದೊಂದರಲ್ಲಿ ಒಂದೊಂದು ಕೂಲಿ ಸಂಸಾರ. ಸಿಲೋನಿನ, ಅಸ್ಸಾಮಿನ ಚಹಾ ತೋಟಗಳಲ್ಲೂ ಅದೇ ಲೈನ್. ಗಮನಿಸಿ ನೋಡಿ: ಸಿಪಾಯಿಯಾಗಲಿ ಕೂಲಿಯಾಗಲಿ, ಊರು ಬಿಟ್ಟು ಬಂದವರಿಗೆ ಸಾಹೇಬರು ಹಾಕಿಕೊಟ್ಟ ವಿಳಾಸ ಲೈನ್. ಊರಲ್ಲಿದ್ದವರಿಗೆ ಓಣಿ, ಕೇರಿ, ಬೀದಿ, ಬಂದವರಿಗೆ ಸಾಲು.

ಧಾರವಾಡದಲ್ಲೂ ಒಂದು ಲೈನ್ ಬಜಾರ್ ಇದೆ. ಪೇಢೆ ಪ್ರಿಯರಿಗೆ ಆ ಹೆಸರು ಕೇಳಿದರೇ ಬಾಯಲ್ಲಿ ನೀರು. ಬಾಬುಸಿಂಗ್ ಠಾಕೂರರ ಪೇಢೆ ಅಂಗಡಿ ಇರುವುದು ಅಲ್ಲೇ. ಅವರ ಪೂರ್ವಿಕರು ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ನೆಲೆಸಿದವರು. ಹಾಗಾದರೆ ನಮ್ಮ ಊರಿನ ಹೆಸರು ಹೊತ್ತು ತಿರುಗುವ ಸಿಹಿ ಕೂಡ ವಲಸೆ ಬಂದವರ ಕೈರುಚಿ. ಮುಂಬೈಗೆ ಬಂದ ಮೇಲೆ ನನಗೆ ಈ ವಿಷಯ ಹೆಚ್ಚು ಸಮಾಧಾನ ಕೊಟ್ಟಿದೆ.

ಸೈನ್ಯದ ಲೈನಿನಿಂದ ಸೆರೆಮನೆಯ ಲೈನಿಗೆ ಒಂದೇ ಹೆಜ್ಜೆ. ಆಫೀಸಿನಲ್ಲಿ ಮೂವತ್ತು ಚಿಲ್ಲರೆ ವರ್ಷ ನನ್ನ ರಕ್ತದೊತ್ತಡ ಏರಿಸಿದ ಪದ ಡೆಡ್‌ಲೈನ್. ಅದರ ಹುಟ್ಟು ತಿಳಿದಾಗ ಮೈ ಜುಮ್ಮೆಂದಿತ್ತು. ಅಮೆರಿಕದ ಅಂತರ್ಯುದ್ಧದ ಕಾಲ. 1864ರಲ್ಲಿ ಜಾರ್ಜಿಯಾದ ಆಂಡರ್‌ಸನ್‌ವಿಲ್ ಎಂಬಲ್ಲಿ ದಕ್ಷಿಣದವರು ಉತ್ತರದ ಸೈನಿಕರನ್ನು ಬಯಲಿನಲ್ಲಿ ಕೂಡಿಹಾಕಿದ್ದರು. ಎತ್ತರದ ಮರದ ಬೇಲಿಯ ಒಳಗಡೆ, ಸ್ವಲ್ಪ ದೂರದಲ್ಲಿ, ಗಳ ಕಟ್ಟಿ ಒಂದು ಗೆರೆ ಮಾಡಿದ್ದರು. ಕೈದಿ ಅದನ್ನು ದಾಟಿದರೆ, ಕೈ ಚಾಚಿದರೂ ಸಾಕು, ಕಾವಲಿನವನು ಗುಂಡು ಹೊಡೆಯುತ್ತಿದ್ದ. ಅದೇ ಡೆಡ್ ಲೈನ್. ಸುಮಾರು 45,000 ಕೈದಿಗಳಲ್ಲಿ 13,000ದಷ್ಟು ಮಂದಿ ಹಸಿವು, ರೋಗ, ಕೊಳಕು ನೀರಿನಿಂದಲೇ ಸತ್ತರು. ಸೆರೆಮನೆಯ ಅಧಿಕಾರಿ ಹೆನ್ರಿ ವರ್ಜ್‌ನನ್ನು 1865ರ ನವೆಂಬರ್‌ನಲ್ಲಿ ಗಲ್ಲಿಗೇರಿಸಿದರು. ಆಮೇಲೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪತ್ರಿಕಾ ಕಚೇರಿಗಳು ಆ ಪದವನ್ನು ಎತ್ತಿಕೊಂಡು ಸುದ್ದಿ ಕೊಡುವ ಕೊನೆಯ ಗಳಿಗೆಗೆ ಹಚ್ಚಿದವು. ಸದ್ಯ, ನಮ್ಮ ಮ್ಯಾನೇಜರುಗಳ ಕೈಯಲ್ಲಿ ಬಂದೂಕು ಇರಲಿಲ್ಲ!

ಇತ್ತ ಮುಂಬೈಯಲ್ಲಿ 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಹೊರಟಿತು. 34 ಕಿಲೋಮೀಟರ್, ಹದಿನಾಲ್ಕು ಡಬ್ಬಿ, ಸುಮಾರು ನಾನೂರು ಅತಿಥಿಗಳು. ಅಲ್ಲಿಂದ ಈ ಊರಿನ ನಕ್ಷೆಯನ್ನು ಬರೆದದ್ದು ಹಳಿಗಳೇ. ಜನ ಹಳಿಯ ಪಕ್ಕ ಮನೆ ಮಾಡಿದರು, ಹಳಿಯ ಉದ್ದಕ್ಕೂ ನೆಂಟಸ್ತನ ಬೆಳೆಸಿದರು. ನಮ್ಮ ಪರಿಚಯದ ಕುಟುಂಬವೊಂದರಲ್ಲಿ ಹುಡುಗ ಬೋರಿವಲಿ, ಹುಡುಗಿ ಮುಲುಂದ್. ಜಾತಕ ಕೂಡಿತ್ತು, ಆದರೆ ಹುಡುಗಿಯ ತಾಯಿಗೆ "ಲೈನ್ ಬ್ಯಾರೆ ಆತಲ್ರೀ" ಎಂಬ ಚಿಂತೆ! ದಾದರಿನಲ್ಲಿ ಸೇತುವೆ ಹತ್ತಿ ಇಳಿಯದೆ ಮಗಳ ಮನೆಗೆ ಹೋಗುವಂತಿರಲಿಲ್ಲ. 2014ರ ಜೂನ್‌ನಲ್ಲಿ ವರ್ಸೋವಾ–ಘಾಟ್‌ಕೋಪರ್ ಮೆಟ್ರೋ ಶುರುವಾಗಿ ಅಂಧೇರಿಗೂ ಘಾಟ್‌ಕೋಪರಿಗೂ ನೇರ ಗಂಟು ಬಿದ್ದಾಗ ನನಗೆ ಮೊದಲು ನೆನಪಾದದ್ದು ಆ ತಾಯಿ. ಅದಕ್ಕೆ ಇಟ್ಟ ಹೆಸರೂ ಲೈನ್ ಒಂದು. ಕರಾವಳಿಯವರಿಗೆ 1998ರ ಜನವರಿ 26 ಇನ್ನೂ ದೊಡ್ಡ ದಿನ. ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದದ್ದು ಅಂದು. ಘಟ್ಟ ಹತ್ತಿ ಇಳಿದು ಬಸ್ಸಿನಲ್ಲಿ ನಲುಗುತ್ತಿದ್ದ ಉಡುಪಿ, ಕುಂದಾಪುರದವರಿಗೆ ಊರು ಒಂದು ರಾತ್ರಿಯ ಹತ್ತಿರಕ್ಕೆ ಬಂತು.

ಕೂಡಿಸುವ ಲೈನಿನ ಮಾತಾಯಿತು. ಬೇರೆ ಮಾಡುವ ಲೈನಿನ ಮಾತಾಡದೆ ಇದು ಮುಗಿಯುವುದಿಲ್ಲ. ಇಂಗ್ಲಿಷರು ಹೋಗುವಾಗಲೂ ಒಂದು ಲೈನ್ ಎಳೆದೇ ಹೋದರು. ಭಾರತವನ್ನು ಅದುವರೆಗೆ ಕಂಡೇ ಇರದ ಸಿರಿಲ್ ರಾಡ್‌ಕ್ಲಿಫ್ 1947ರ ಜುಲೈ 8ರಂದು ಬಂದಿಳಿದು, ಐದು ವಾರದಲ್ಲಿ ಪಂಜಾಬನ್ನೂ ಬಂಗಾಳವನ್ನೂ ಸೀಳುವ ಗೆರೆ ಹಾಕಿ ಮುಗಿಸಿದ. ಗೆರೆ ಎಲ್ಲಿದೆ ಎಂದು ಜನಕ್ಕೆ ತಿಳಿದದ್ದು ಆಗಸ್ಟ್ 17ಕ್ಕೆ, ಸ್ವಾತಂತ್ರ್ಯ ಬಂದು ಎರಡು ದಿನ ಕಳೆದ ಮೇಲೆ.

ನಮ್ಮ ಪಾಲಿಗೆ ಬಂದ ಗೆರೆ ರಕ್ತ ಹರಿಸಿದ್ದಲ್ಲ, ಹಾಡಿ ಕುಣಿದು ಬರಮಾಡಿಕೊಂಡದ್ದು. 1956ರ ನವೆಂಬರ್ 1. ಅದರ ಹಿಂದಿನ ದಿನದವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ನಾಲ್ಕೂ ಜಿಲ್ಲೆ ಮುಂಬೈ ರಾಜ್ಯದಲ್ಲಿದ್ದವು. ನಮಗೆ ಮುಂಬೈ ಪರವೂರಲ್ಲ, ರಾಜಧಾನಿ! ನನ್ನ ಸೋದರಮಾವ 1950ರಲ್ಲಿ ಇಲ್ಲಿಗೆ ಬಂದು ಗಿರಣಿಯೊಂದರಲ್ಲಿ ಗುಮಾಸ್ತನಾದ. ಅವನು ಬಂದದ್ದು ತನ್ನದೇ ರಾಜ್ಯದ ರಾಜಧಾನಿಗೆ. ಆರು ವರ್ಷದ ಮೇಲೆ ಒಂದು ಬೆಳಿಗ್ಗೆ ಎದ್ದಾಗ ಅದೇ ಚಾಳು, ಅದೇ ಖೋಲಿ, ಅದೇ ಚಾಪೆ. ಆದರೆ ಮಾಮಾ ಹೊರನಾಡ ಕನ್ನಡಿಗ.

"ನಾ ಎಲ್ಲೂ ಹೋಗಿಲ್ಲಪಾ" ಅನ್ನುತ್ತಿದ್ದ ನಗುತ್ತಾ. "ಕುಂತಲ್ಲೇ ಕುಂತೀನಿ. ಗೆರಿ ನನ್ನ ಬೆನ್ನ ಹಿಂದ ಹಾದು ಹೋತು."

ಆ ಗೆರೆ ಬಂದದ್ದಕ್ಕೆ ಅವನಿಗೆ ಸಂಕಟವಿತ್ತೇ? ಇಲ್ಲ. ಏಕೀಕರಣಕ್ಕಾಗಿ ಸಭೆಗಳಲ್ಲಿ ಜಮಖಾನ ಹಾಸಿದವನು ಅವನು. ತಾನು ಬೇಡಿ ತರಿಸಿಕೊಂಡ ಗೆರೆಯ ಹೊರಗೆ ತಾನೇ ಉಳಿದೆ ಎಂಬುದನ್ನು ದೂರಾಗಿ ಹೇಳಲಿಲ್ಲ, ನಗೆಯಾಗಿ ಹೇಳಿದ. ಸೊಲ್ಲಾಪುರ, ಅಕ್ಕಲಕೋಟೆ, ಕಾಸರಗೋಡಿನಲ್ಲಿ ಹೀಗೆ ಕೂತಲ್ಲೇ ಹೊರಗಾದವರು ಎಷ್ಟು ಮನೆಯವರೋ. ನಾನಾದರೂ ಅಷ್ಟೆ. ಹುಟ್ಟಿದ್ದು ಮುಂಬೈ ರಾಜ್ಯದಲ್ಲಿ, ಓದಿದ್ದು ಮೈಸೂರು ರಾಜ್ಯದಲ್ಲಿ; 1973ರ ನವೆಂಬರ್‌ನಲ್ಲಿ ಅದು ಕರ್ನಾಟಕವಾಯಿತು, ಮರುವರ್ಷ ನಾನು ಊರು ಬಿಟ್ಟೆ. ಮನೆ ಮಾತ್ರ ಒಂದೇ ಓಣಿಯಲ್ಲಿತ್ತು.

ಕೊನೆಗೆ ಇನ್ನೊಂದು ಲೈನ್. 1982ರಲ್ಲಿ ಅಪ್ಪನಿಗೆ ತೀರಾ ಹುಷಾರಿಲ್ಲ ಎಂದು ತಂತಿ ಬಂತು. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಮಧ್ಯಾಹ್ನದಿಂದ ಬೆಂಚಿನ ಮೇಲೆ ಕೂತೆ. "ಲೈನ್ ಸಿಗ್ತಿಲ್ಲ" ಎಂಬುದೊಂದೇ ಉತ್ತರ. ರಾತ್ರಿ ಲೈನ್ ಸಿಕ್ಕಾಗ ಆ ಕಡೆಯಿಂದ ಕೇಳಿಸಿದ್ದು ಪಕ್ಕದ ಮನೆ ಅಜ್ಜನ ದನಿ. "ಲಗೂನ ಬಾರಪಾ" ಎಂದಷ್ಟೇ ಹೇಳಿ ಸುಮ್ಮನಾದರು. ನನಗೆ ತಿಳಿಯಿತು. ಮೂರು ನಿಮಿಷದ ಕಾಲ್‌ನಲ್ಲಿ ಎರಡೂವರೆ ನಿಮಿಷ ಬರೀ ತಂತಿಯ ಗುಂಯ್‌ಗುಡುವ ಸದ್ದು ಕೇಳಿದೆ. ಆದರೂ ಇಡಲಿಲ್ಲ. ಆ ಸದ್ದಿನ ತುದಿಯಲ್ಲಿ ನಮ್ಮ ಮನೆ ಇತ್ತು.

ಈಗ ಮೊಮ್ಮಗಳು ಪುಣೆಯಿಂದ "ಅಜ್ಜಾ, ಆನ್‌ಲೈನ್ ಬಾ" ಅನ್ನುತ್ತಾಳೆ. ಕೈಯಲ್ಲಿರುವ ಫೋನಿಗೆ ದಾರವಿಲ್ಲ, ತಂತಿಯಿಲ್ಲ. ಪದದಲ್ಲಿ ಮಾತ್ರ ಅಗಸೆ ನಾರಿನ ಎಳೆ ಹಾಗೇ ಉಳಿದಿದೆ. ಮುಖ ಕಾಣುತ್ತದೆ, ಮಾತು ಕೇಳುತ್ತದೆ, ಮಧ್ಯೆ ಎಷ್ಟು ರಾಜ್ಯದ ಗಡಿ ಇದೆ ಎಂದು ಯಾರೂ ಕೇಳುವುದಿಲ್ಲ. ಧಾರವಾಡದಲ್ಲಿರುವ ತಂಗಿ ವರ್ಷಕ್ಕೊಮ್ಮೆ ಅಗಸಿ ಹಿಂಡಿ ಡಬ್ಬಿ ಕಳಿಸುತ್ತಾಳೆ. ಅದನ್ನು ತೆಗೆದಾಗೆಲ್ಲ ನಗು ಬರುತ್ತದೆ. ಲೈನಿನ ಮೂಲವೇ ಪಾರ್ಸೆಲ್ಲಿನಲ್ಲಿ ಬರುತ್ತಿದೆಯಲ್ಲ!

ಐವತ್ತು ವರ್ಷದ ಹಿಂದಿನ ಆ ಪ್ರಶ್ನೆಗೆ ಈಗ ಸರಿಯಾದ ಉತ್ತರ ಗೊತ್ತಿದೆ. ಧಾರವಾಡದ ಲೈನ್ ಬಜಾರಿನ ಕಡೆಯವನು, ಅಕೌಂಟ್ಸ್ ಲೈನಿನಲ್ಲಿ ಇದ್ದವನು, ವೆಸ್ಟರ್ನ್ ಲೈನಿನಲ್ಲಿ ಇರುವವನು. ಮಾಮಾನ ಹಾಗೆ ಕೂತಲ್ಲೇ ಕೂತಿದ್ದೇನೆ.

ನಿಮ್ಮದು ಯಾವ ಲೈನ್?